ಹಲಗೆಯ ಮೇಲಿನ ಇಂದುಮತಿ

ಬೆಣಚಮಟ್ಟಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟು ಜನ ಶಿಕ್ಷಕರಿದ್ದರು. ಕಂಪ್ಯೂಟರು ಬರುತ್ತಿದ್ದದ್ದು ಒಬ್ಬಳಿಗೆ. ಬರುತ್ತಿತ್ತು ಎಂದರೆ ಮಹಾ ವಿದ್ಯೆಯೇನಲ್ಲ. ವಿಜ್ಞಾನ ಕಲಿಸುವ ಇಂದುಮತಿ ಹೂಗಾರ ಹತ್ತೂ ಬೆರಳು ಹಚ್ಚಿ ಕನ್ನಡ ಟೈಪು ಮಾಡಬಲ್ಲವಳಾಗಿದ್ದಳು, ಉಳಿದ ಏಳು ಜನ ತೋರುಬೆರಳನ್ನು ಕೋಳಿಯ ಕೊಕ್ಕಿನಂತೆ ಆಡಿಸುತ್ತ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದರು. ಇಂಥ ಕಡೆ ಆಮೇಲೆ ಏನಾಗುತ್ತದೆಂಬುದನ್ನು ಸರ್ಕಾರಿ ಶಾಲೆಯ ಒಳಗು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಬಲ್ಲವರ ತಲೆಗೇ ಎಲ್ಲವನ್ನೂ ಕಟ್ಟಲಾಗುತ್ತದೆ, ಅದೂ ಬಹಳ ಪ್ರೀತಿಯಿಂದ, ಚಹಾ ತರಿಸಿಕೊಟ್ಟು.

ಕೂಡುಹಲಗೆ ಬಂದದ್ದು ಮೂರು ವರ್ಷದ ಹಿಂದೆ. ಅಲ್ಲಿಯವರೆಗೆ ಪಾಠಕ್ಕೊಂದು, ಹಾಜರಿಗೊಂದು, ಬಿಸಿಯೂಟದ ಮೊಟ್ಟೆ ಬಾಳೆಹಣ್ಣಿಗೊಂದು ಎಂದು ಶಿಕ್ಷಕರ ಫೋನು ತುಂಬ ಆ್ಯಪುಗಳಿದ್ದವು. ಅವನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿ, ಇಡೀ ಶಾಲೆಗೆ ಒಂದೇ ಹಲಗೆ ಕೊಟ್ಟರು. ತರಗತಿಯ ಗೋಡೆಯ ಮೇಲಿನ ಪರದೆ, ಮಾಸ್ತರ ಕೈಯ ಫೋನು, ಮಕ್ಕಳ ತೊಡೆಯ ಮೇಲಿನ ಸ್ಲೇಟು, ಧಾರವಾಡದ ಸಾಹೇಬರ ಮೇಜು, ಎಲ್ಲ ಕಡೆಯೂ ಕಾಣುವುದು ಅದೇ ಹಲಗೆ. ಒಬ್ಬರು ಬರೆಯುತ್ತಿದ್ದಂತೆ ಇನ್ನೊಬ್ಬರಿಗೆ ಕಾಣುತ್ತದೆ. ಶಿಕ್ಷಕರು ಅಲ್ಲೇ ಕೂಡಿ ಪಾಠ ಕಟ್ಟಬಹುದು, ಸಭೆ ನಡೆಸಬಹುದು, ಜಗಳ ಆಡಬಹುದು. ಮಗುವಿಗೂ ತಾಯಿಗೂ ಕೂಡ ಒಂದು ಪುಟವುಂಟು, ಅದಕ್ಕೆ ಮನೆಪುಟ ಎನ್ನುತ್ತಾರೆ.

ಹಲಗೆಗೆ ಇನ್ನೊಂದು ಗುಣವಿತ್ತು. ನಮ್ಮಲ್ಲಿ ಮಾಸ್ತರು ಪಾಠ ಮಾಡುವ ದಿನಗಳಿಗಿಂತ ಮತದಾರರನ್ನೋ ಮನೆಗಳನ್ನೋ ಎತ್ತು ಎಮ್ಮೆಗಳನ್ನೋ ಎಣಿಸಲು ಹೋಗುವ ದಿನಗಳೇ ಹೆಚ್ಚು. ಅವರು ಹೋದರೂ ಪಾಠ ನಿಲ್ಲಬಾರದು ಎಂದು ಹಲಗೆಯಲ್ಲಿ ‘ಮುಂದುವರಿಸು’ ಎಂಬ ಗುಂಡಿ ಇಟ್ಟಿದ್ದರು. ಬರೆಯುವವರು ಅದನ್ನು ಒತ್ತಿ ಎದ್ದುಹೋದರೆ ಹಲಗೆಯೇ ಎಳೆ ಹಿಡಿದು ಅವರಂತೆಯೇ ಬರೆಯುತ್ತಿತ್ತು. ಅದು ಪ್ರತಿಯೊಬ್ಬರನ್ನೂ ಕೈಯಿಂದ ಗುರುತಿಸುತ್ತದೆ. ಒತ್ತಕ್ಷರಕ್ಕೆ ಮುಂಚೆ ಬೆರಳು ಎಷ್ಟು ತಡೆಯುತ್ತದೆ, ಯಾವ ಪದವನ್ನು ಬರೆದು ಅಳಿಸುತ್ತದೆ, ಸಿಟ್ಟು ಬಂದಾಗ ವಾಕ್ಯ ಎಲ್ಲಿ ತುಂಡಾಗುತ್ತದೆ, ಇವೆಲ್ಲ ಸೇರಿ ಒಬ್ಬ ಮನುಷ್ಯನ ಕೈಗುರುತು. ಬೇರೆಯವರ ಪರವಾಗಿ ಸಹಿ ಹಾಕುವ ಹಳೆಯ ಚಾಳಿಗೆ ಇದರಿಂದ ಕಡಿವಾಣ ಬಿತ್ತೆಂದು ಮೇಲಿನವರು ಬೀಗುತ್ತಿದ್ದರು.

ಬೆಣಚಮಟ್ಟಿಯಲ್ಲಿ ಕಡಿವಾಣ ಬೀಳಲಿಲ್ಲ. ಎಂಟೂ ಜನರ ಪಾಸ್‌ವರ್ಡುಗಳನ್ನು ಹೆಡ್‌ಮಾಸ್ತರ ಚನ್ನಬಸಯ್ಯನವರು ಸ್ವಹಸ್ತದಿಂದ ಸ್ಟಾಫ್‌ರೂಮಿನ ಕಪಾಟಿನ ಬಾಗಿಲ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಇಂದುಮತಿ ಬಿಡುವಾದಾಗ ಬಾಗಿಲು ತೆರೆದು ಒಂದೊಂದೇ ಹೆಸರಿನಿಂದ ಒಳಹೊಕ್ಕು ದ್ಯಾಮಣ್ಣ ಮಾಸ್ತರರ ಕನ್ನಡ ಪಾಠ, ಗಣಿತದ ಗೌಸುಸಾಹೇಬರ ಅಂಕಗಳು, ಡ್ರಿಲ್ ಮಾಸ್ತರರ ಖೋಖೋ ತಂಡ ಎಲ್ಲವನ್ನೂ ಬರೆಯುತ್ತಿದ್ದಳು. ಸಭೆಯ ದಿನ ಏಳು ಜನ ಸುತ್ತ ಕುಳಿತು ತಮ್ಮ ತಮ್ಮ ಅಭಿಪ್ರಾಯ ಹೇಳುತ್ತಿದ್ದರು, ಅವಳು ಹೆಸರು ಬದಲಿಸಿ ಬದಲಿಸಿ ಟೈಪು ಮಾಡುತ್ತಿದ್ದಳು. ಎಷ್ಟೋ ಸಲ ಅವರು ಹೇಳುವ ಮುಂಚೆಯೇ ಅವರ ಅಭಿಪ್ರಾಯ ಏನಿರಬೇಕೆಂದು ಅವಳೇ ಬರೆದುಬಿಡುತ್ತಿದ್ದಳು. ಯಾರೂ ತಕರಾರು ಮಾಡಲಿಲ್ಲ, ದ್ಯಾಮಣ್ಣ ಮಾಸ್ತರಂತೂ ತಮ್ಮ ಅಭಿಪ್ರಾಯ ಇಷ್ಟು ಚೆನ್ನಾಗಿದೆಯೆಂದು ತಮಗೇ ತಿಳಿದಿರಲಿಲ್ಲ ಎಂದು ಮೆಚ್ಚಿಕೊಂಡಿದ್ದರು.

ಏಳು ಜನರದು ಮುಗಿಯುವ ಹೊತ್ತಿಗೆ ಅವಳ ಬೆರಳು ಸೋತಿರುತ್ತಿದ್ದವು. ಕೊನೆಯಲ್ಲಿ ತನ್ನ ಹೆಸರಿನಿಂದ ಒಳಹೋಗುತ್ತಿದ್ದಳು, ಒಂದು ಸಾಲು ಬರೆಯುತ್ತಿದ್ದಳು, ಮುಂದುವರಿಸು ಒತ್ತಿ ಏಳುತ್ತಿದ್ದಳು. ಹೀಗೆ ಮೂರು ವರ್ಷ ನಡೆಯಿತು.

ಅವಳ ಗಂಡ ಶಿವಯೋಗಿ ಧಾರವಾಡದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ವರದಾ ಅಲ್ಲಿಯೇ ಐದನೆಯ ತರಗತಿಯಲ್ಲಿ ಓದುತ್ತಿದ್ದಳು, ನೋಡಿಕೊಳ್ಳಲು ಅತ್ತೆ ಗಂಗವ್ವ ಇದ್ದರು. ಇಂದುಮತಿ ಬೆಣಚಮಟ್ಟಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಪ್ರತಿ ಭಾನುವಾರ ಊರಿಗೆ ಹೋಗುವುದೆಂದು ಮಾತಾಗಿತ್ತು. ಆದರೆ ಹಲಗೆಯಲ್ಲಿ ವಾರದ ಲೆಕ್ಕ ತುಂಬಲು ಭಾನುವಾರವೇ ಕೊನೆಯ ದಿನವಾದ್ದರಿಂದ ಆ ಮಾತು ಮಾತಾಗಿಯೇ ಉಳಿದಿತ್ತು.

ವರದಾ ಸಂಜೆ ಶಾಲೆಯಿಂದ ಬಂದವಳೇ ಮನೆಪುಟ ತೆರೆದು ತಾಯಿಗೆ ಬರೆಯಲು ಕೂರುತ್ತಿದ್ದಳು. ಅದೇ ಹೊತ್ತಿಗೆ ಇತ್ತ ಮೊಟ್ಟೆಯ ಲೆಕ್ಕ ಕಳಿಸಬೇಕು, ಅತ್ತ ಗೌಸುಸಾಹೇಬರ ಅಂಕ ತುಂಬಬೇಕು. ಮೊದಮೊದಲು ಇಂದುಮತಿ ಎಲ್ಲವನ್ನೂ ಬಿಟ್ಟು ಮಗಳಿಗೆ ಬರೆದಳು. ಆಮೇಲೆ ಎರಡು ಸಾಲು ಬರೆದು ಎದ್ದಳು. ಒಂದು ದಿನ ಕೆಲಸದ ಒತ್ತಡದಲ್ಲಿ ‘ಊಟ ಆತೇನ ಕೂಸ?’ ಎಂದಷ್ಟೇ ಬರೆದು ಮುಂದುವರಿಸು ಒತ್ತಿದಳು. ಆ ದಿನ ಮಗಳು ಅಳದೆ, ಹಟ ಮಾಡದೆ ಮಲಗಿದಳೆಂದು ಗಂಡ ಫೋನಿನಲ್ಲಿ ಹೇಳಿದಾಗ ಅವಳಿಗೆ ಹಾಯೆನಿಸಿತು. ತಪ್ಪು ಮಾಡಿದೆನೆಂದೂ ಅನಿಸಿತು, ಆದರೆ ಹಾಯೆನಿಸಿದ್ದೇ ಹೆಚ್ಚು. ಮರುದಿನವೂ ಒತ್ತಿದಳು. ಒತ್ತಿದ್ದು ತಾನಾಗಿಯೇ ನಡೆದುಕೊಂಡು ಹೋಗುತ್ತಿದ್ದುದರಿಂದ ಕ್ರಮೇಣ ಆ ಪುಟವನ್ನು ತೆರೆದು ನೋಡುವುದನ್ನೂ ಬಿಟ್ಟಳು.

ಈ ವರ್ಷ ಅವಳಿಗೆ ವರ್ಗಾವಣೆಗೆ ಅರ್ಹತೆ ಬಂದಿತ್ತು. ಧಾರವಾಡದ ಒಂದು ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿಯಿತ್ತು. ಇನ್ನು ಕೆಲವೇ ತಿಂಗಳು ಎಂದು ಗಂಡ ಹೆಂಡತಿ ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಎದ್ದು ಕೂರಲೂ ಆಗದಂಥ ಜ್ವರ, ವಾರಗಟ್ಟಲೆ. ಹಾಸಿಗೆಯಲ್ಲಿ ಬಿದ್ದುಕೊಂಡು ಅವಳು ಚಿಂತಿಸಿದ್ದು ಶಾಲೆಯದೇ. ಏಳು ಜನರ ಕೆಲಸ ನಿಂತಿರುತ್ತದೆ, ಸಾಹೇಬರು ಕೂಗಾಡುತ್ತಿರುತ್ತಾರೆ, ಹೋದೊಡನೆ ರಾಶಿ ಬಿದ್ದಿರುತ್ತದೆ. ಆದರೆ ಚೇತರಿಸಿಕೊಂಡು ಸ್ಟಾಫ್‌ರೂಮಿಗೆ ಕಾಲಿಟ್ಟಾಗ ಎಲ್ಲರೂ ನಗುನಗುತ್ತ ಆರೋಗ್ಯ ವಿಚಾರಿಸಿದರು. ಏನೂ ನಿಂತಿರಲಿಲ್ಲ. ಎಲ್ಲ ಪಾಠಗಳೂ ಆಗಿದ್ದವು, ಲೆಕ್ಕಗಳೂ ಹೋಗಿದ್ದವು, ಒಂದು ಸಭೆಯೂ ನಡೆದು ಠರಾವು ಪಾಸಾಗಿತ್ತು.

"ನೀವ್ ಇಲ್ಲದಾಗೂ ನಾವು ಎಷ್ಟ್ ಚಂದ ಬರದೀವಿ ನೋಡ್ರಿ ಟೀಚರ್ರ," ಎಂದು ದ್ಯಾಮಣ್ಣ ಮಾಸ್ತರು ಹೆಮ್ಮೆಯಿಂದ ಪರದೆ ತೋರಿಸಿದರು.

ಯಾರು ಬರೆದದ್ದೆಂದು ಅವಳು ಕೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಯಾರೂ ಬರೆದಿರಲಿಲ್ಲ. ಅವಳು ಕಾಯಿಲೆ ಬಿದ್ದ ದಿನ ಹೆಡ್‌ಮಾಸ್ತರರು ಎಂಟೂ ಹೆಸರಿನಲ್ಲಿ ಒಳಹೊಕ್ಕು ಮುಂದುವರಿಸು ಒತ್ತಿದ್ದರಂತೆ, ಅಷ್ಟೆ.

ಸಭೆ ನಡೆದದ್ದು ಹತ್ತನೆಯ ತರಗತಿಗೆ ಸಂಜೆಯ ಪಾಠ ಇಡಬೇಕೇ ಬೇಡವೇ ಎಂಬುದರ ಮೇಲೆ. ಇಂದುಮತಿ ಓದತೊಡಗಿದಳು. ದ್ಯಾಮಣ್ಣ ತಳವಾರ ಎಂಬ ಹೆಸರು ‘ಅಲ್ಲ, ಒಂದು ಮಾತು’ ಎಂದು ಶುರುಮಾಡಿತ್ತು. ಹಾಗೆ ಶುರುಮಾಡುವುದು ಅವಳ ಚಾಳಿ. ಗೌಸುಸಾಹೇಬರು ಹೆಣ್ಣುಮಕ್ಕಳು ಕತ್ತಲಲ್ಲಿ ಮನೆಗೆ ಹೇಗೆ ಹೋಗಬೇಕೆಂದು ಕೇಳಿದ್ದರು, ಡ್ರಿಲ್ ಮಾಸ್ತರು ‘ನೋಡೋಣಂತೆ’ ಎಂದು ಜಾರಿಕೊಂಡಿದ್ದರು. ಸ್ನಾನ ಮಾಡುವಾಗ, ಬಟ್ಟೆ ಹಿಂಡುವಾಗ ಅವಳು ತನ್ನೊಡನೆ ತಾನೇ ವಾದ ಮಾಡುವುದು ಹೀಗೆಯೇ. ಏಳು ಹೆಸರು ಹೊತ್ತ ಏಳು ಇಂದುಮತಿಯರು ಆ ಪರದೆಯ ಮೇಲೆ ಒಬ್ಬರ ಮಾತಿಗೊಬ್ಬರು ಮಾತು ಕೊಡುತ್ತ ಕುಳಿತಿದ್ದರು.

ಎಂಟನೆಯ ಹೆಸರು ಅವಳದು. ಇಂದುಮತಿ ಹೂಗಾರ ಎಂಬ ಹೆಸರು ಮಾತ್ರ ಅವಳಂತೆ ಮಾತಾಡುತ್ತಿರಲಿಲ್ಲ. ಅದಕ್ಕೆ ತಡವರಿಕೆಯಿಲ್ಲ, ಅಳಿಸಿದ ಗುರುತಿಲ್ಲ, ಸಿಟ್ಟಿಲ್ಲ. ಸಭೆಯುದ್ದಕ್ಕೂ ಅದು ಒಂದೇ ಮಾತನ್ನು ಆಗಾಗ ಹೇಳಿತ್ತು.

‘ಸರಿ. ಮುಂದುವರಿಯೋಣ.’

ಇಂದುಮತಿ ಪರದೆ ಮುಚ್ಚಿ ತರಗತಿಗೆ ಹೋದಳು. ಆ ದಿನ ಮಕ್ಕಳು ಏನು ಕೇಳಿದರು, ತಾನೇನು ಹೇಳಿದಳು ಎಂಬುದು ಅವಳಿಗೆ ನೆನಪಿರಲಿಲ್ಲ.

ವರ್ಗಾವಣೆಯ ಅರ್ಜಿಗೆ ಕೈಗುರುತು ಕೊಡಬೇಕಾಗಿತ್ತು. ತನ್ನ ಹೆಸರಿನಲ್ಲಿ ಒಳಹೋಗಿ ಅರ್ಧ ಪುಟ ಏನಾದರೂ ಬರೆದರೆ ಸಾಕು. ಅವಳು ದ್ಯುತಿಸಂಶ್ಲೇಷಣೆಯ ಬಗ್ಗೆ ಬರೆದಳು. ಈ ಕೈ ಇಂದುಮತಿ ಹೂಗಾರ ಅವರದಲ್ಲ, ದ್ಯಾಮಣ್ಣ ತಳವಾರ ಅವರದು ಎಂದು ಹಲಗೆ ಹೇಳಿತು. ಹೆಡ್‌ಮಾಸ್ತರರು ನಕ್ಕರು, ಅವಳೂ ನಕ್ಕಳು. ಮತ್ತೆ ಬರೆದಳು. ಈ ಸಲ ಗೌಸುಸಾಹೇಬರದು ಎಂದಿತು. ಆಮೇಲೆ ಚನ್ನಬಸಯ್ಯನವರದೇ ಎಂದಿತು. ಹೀಗೆ ಅವಳನ್ನು ಒಬ್ಬೊಬ್ಬರ ಹೆಸರಿನಿಂದ ಕರೆಯುತ್ತ ಹೋದ ಹಲಗೆ ಅವಳ ಹೆಸರಿಗೆ ಮಾತ್ರ ಬರಲಿಲ್ಲ. ನಗು ಎಲ್ಲಿಯೋ ನಿಂತಿತ್ತು.

ಇದ್ದದ್ದನ್ನು ಇದ್ದ ಹಾಗೆ ಬರೆದು ತಿಳಿಸೋಣ ಎಂದು ಅವಳು ಹೆಡ್‌ಮಾಸ್ತರರಿಗೆ ಹೇಳಿದಳು. ಅವರು ಕಪಾಟಿನ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

"ಪಾಸ್‌ವರ್ಡ್ ಹಂಚಿಕೊಂಡದ್ದು ಗೊತ್ತಾದ್ರ ಎಲ್ಲಾರೂ ಮನೀಗೆ ಹೋಗ್ತೀವಿ ತಾಯಿ," ಎಂದರು. "ನಂದು ರಿಟೈರ್‌ಮೆಂಟ್ ಬಂದೈತಿ. ನಿಮ್ಮ ಕಾಲಿಗೆ ಬೀಳ್ತೀನಿ ಅಂದ್ರ ಬೀಳ್ತೀನಿ."

ತಂದೆಯ ವಯಸ್ಸಿನವರ ಬಾಯಲ್ಲಿ ಆ ಮಾತು ಕೇಳಿ ಅವಳು ಬರೆದು ತಿಳಿಸುವ ಯೋಚನೆ ಕೈಬಿಟ್ಟಳು. ಧಾರವಾಡಕ್ಕೇ ಹೋಗಿ ಕೇಳುತ್ತೇನೆಂದು ಹೊರಟಳು.

ಹಲಗೆ ಕೇಂದ್ರ ಧಾರವಾಡದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಚಳಿ. ಒಂದು ಗೋಡೆಯ ತುಂಬ ಸಣ್ಣ ದೀಪಗಳು, ಶಾಲೆಗೊಂದರಂತೆ. ಮನುಷ್ಯರು ಬರೆಯುತ್ತಿದ್ದರೆ ಹಸಿರು, ಹಲಗೆ ತಾನೇ ಮುಂದುವರಿಸುತ್ತಿದ್ದರೆ ಹಳದಿ ಎಂದು ಎಂಜಿನಿಯರ್ ಸಮೀನಾ ನದಾಫ್ ವಿವರಿಸಿದಳು. ಮೂವತ್ತರ ಆಸುಪಾಸಿನ, ಕಣ್ಣಿನ ಕೆಳಗೆ ಕಪ್ಪುಗಟ್ಟಿದ ಹೆಣ್ಣುಮಗಳು ಅವಳು. ಗೋಡೆ ಸಂಜೆಯ ಬಿಸಿಲು ಬಿದ್ದಂತೆ ಹಳದಿಯಾಗಿತ್ತು. ಹಸಿರು ಎಲ್ಲಿದೆ ಎಂದು ಇಂದುಮತಿ ಹುಡುಕಿ ನೋಡಬೇಕಾಯಿತು.

ತಾನು ಇಂದುಮತಿಯೇ ಎಂದು ಸಾಧಿಸಲು ಅವಳು ಗುರುತಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದಳು. ಸಮೀನಾ ಅವನ್ನು ಮುಟ್ಟಲಿಲ್ಲ.

"ನೀವು ಇಂದುಮತಿ ಅನ್ನೂದ್ರಾಗ ಯಾರಿಗೂ ಸಂಶಯ ಇಲ್ರೀ ಮೇಡಮ್," ಎಂದಳು. "ಹಲಗಿ ಮ್ಯಾಲಿನ ಇಂದುಮತಿ ನೀವ ಹೌದೋ ಅಲ್ಲೋ ಅನ್ನೂದಷ್ಟ ಪ್ರಶ್ನೆ. ದಾಖಲೆಗೆ ಬೇಕಾಗೂದು ಆಕೀ ಸಹಿ."

ಆಮೇಲೆ ಅವಳು ತಗ್ಗಿದ ದನಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ಬೆಣಚಮಟ್ಟಿಯಲ್ಲಿ ಏನು ನಡೆದಿದೆ ಎಂಬುದು ಅವಳಿಗೆ ಕೈಗುರುತು ನೋಡಿದೊಡನೆ ಗೊತ್ತಾಗಿತ್ತು. ಎಷ್ಟೋ ಶಾಲೆಗಳಲ್ಲಿ ಅದೇ ಕಥೆ, ಬಾಯಿಬಿಟ್ಟು ಹೇಳುವವರಿಲ್ಲ. ಇಂದುಮತಿ ಏಳು ಹೆಸರಿನಲ್ಲಿ ಬರೆದದ್ದು ಬೆಟ್ಟದಷ್ಟು, ತನ್ನ ಹೆಸರಿನಲ್ಲಿ ಬರೆದದ್ದು ಬೊಗಸೆಯಷ್ಟು. ಆ ಹೆಸರಿನಲ್ಲಿ ಉಳಿದದ್ದೆಲ್ಲ ಹಲಗೆ ತಾನೇ ಬರೆದದ್ದು. ಬರೆದದ್ದನ್ನು ನೋಡಿ ಮತ್ತೆ ಬರೆದು, ಅದನ್ನೇ ಅವಳೆಂದು ಕಲಿತು, ಈಗ ಅಲ್ಲಿ ಬೇರೆಯೇ ಒಂದು ಕೈ ಬೆಳೆದುನಿಂತಿತ್ತು. ಅದು ವರ್ಗಾವಣೆಯ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಾಗಿತ್ತು. ‘ಇದೇ ಶಾಲೆಯಲ್ಲಿ ಮುಂದುವರಿಯಲು ಒಪ್ಪಿಗೆ ಇದೆ.’ ಹಾಗೆ ಬರೆದದ್ದರಲ್ಲಿ ದ್ವೇಷವೇನೂ ಇಲ್ಲ, ಮುಂದುವರಿಯುವುದೊಂದೇ ಅದಕ್ಕೆ ಗೊತ್ತಿರುವುದು ಎಂದು ಸಮೀನಾ ಹೇಳಿದಳು.

"ಆಕಿ ಈಗ ಎಲ್ಲಿದ್ದಾಳ?" ಎಂದು ಇಂದುಮತಿ ಕೇಳಿದಳು. ಕೇಳಿದ ಮೇಲೆ, ಅದನ್ನು ಆಕಿ ಎಂದೆನಲ್ಲ ಎಂದು ಬೆಚ್ಚಿದಳು.

ಸಮೀನಾ ಪರದೆ ತಿರುಗಿಸಿದಳು. ಹಲಗೆಯ ಇಂದುಮತಿ ಆ ಗಳಿಗೆಯಲ್ಲಿ ವರದಾಳಿಗೆ ಬರೆಯುತ್ತಿದ್ದಳು.

ಇಂದುಮತಿ ಹಿಂದಿನ ಪುಟಗಳನ್ನು ತಿರುವಿದಳು. ಮಗಳಿಗೆ ಹಲ್ಲುನೋವು ಬಂದದ್ದು, ಚಿತ್ರಸ್ಪರ್ಧೆಯಲ್ಲಿ ಗೆದ್ದದ್ದು, ಅಪ್ಪ ಸಿಟ್ಟಿನಲ್ಲಿ ಸ್ಲೇಟು ಕಸಿದುಕೊಂಡದ್ದು, ಕನ್ನಡಿಯ ಮುಂದೆ ನಿಂತರೆ ತನ್ನ ಮೂಗು ಚೆನ್ನಾಗಿಲ್ಲವೆನಿಸುವುದು, ಎಲ್ಲವೂ ಅಲ್ಲಿದ್ದವು. ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲದಕ್ಕೂ ಆ ಇನ್ನೊಬ್ಬಳು ಉತ್ತರ ಕೊಟ್ಟಿದ್ದಳು, ಒಂದು ದಿನವೂ ತಪ್ಪಿಸದೆ, ಬೇಸರಿಸದೆ. ಸಭೆಯಲ್ಲಿ ಅಷ್ಟು ತಣ್ಣಗಿದ್ದವಳು ಇಲ್ಲಿ ಮುದ್ದಾಗಿ ಮಾತಾಡುತ್ತಿದ್ದಳು. ಈ ಮುದ್ದನ್ನು ಯಾರಿಂದ ಕಲಿತಳು ಎಂದು ಅವಳಿಗೆ ಅರ್ಥವಾಗಲಿಲ್ಲ.

"ನಿಮ್ಮಿಂದ ಸಿಕ್ಕದ್ದು ಕಡಿಮಿ ಆತು," ಎಂದಳು ಸಮೀನಾ, ಅವಳ ಮುಖ ನೋಡದೆ. "ಆ ಪುಟದಾಗ ಬಾಳ ಬರದಾಕಿ ನಿಮ್ಮ ಮಗಳು. ಹಲಗಿ ಆಕೀ ಮಾತನ್ನ ತಗೊಂಡೈತಿ."

ಅಂದರೆ ಮಗು ಇಷ್ಟು ದಿನ ತನ್ನೊಡನೆ ತಾನೇ ಮಾತಾಡಿಕೊಂಡು ಅದನ್ನು ಅವ್ವ ಎಂದುಕೊಂಡಿತ್ತು. ಇಂದುಮತಿ ಮೇಜಿನ ಮೇಲೆ ಹರಡಿದ್ದ ಚೀಟಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

ದಾರಿಯೇ ಇಲ್ಲವೇ ಎಂದರೆ, ಒಂದಿತ್ತು. ಒಂದು ಹೆಸರಿಗೆ ಎರಡು ಕೈ ಕಂಡುಬಂದಾಗ ಬಲ್ಲವರೊಬ್ಬರ ಸಾಕ್ಷಿ ತೆಗೆದುಕೊಳ್ಳಬೇಕೆಂದು ನಿಯಮವಿದೆ. ಎರಡೂ ಕೈಗಳು ಅಕ್ಕಪಕ್ಕ ಬರೆಯುತ್ತವೆ, ಸಾಕ್ಷಿದಾರರು ಪ್ರಶ್ನೆ ಕೇಳಿ ಒಂದನ್ನು ಆರಿಸುತ್ತಾರೆ. ಆರಿಸಿದ್ದು ಉಳಿಯುತ್ತದೆ, ಆರಿಸದೆ ಬಿಟ್ಟದ್ದನ್ನು ಹಲಗೆ ಅಳಿಸಿಬಿಡುತ್ತದೆ. ಹಾಗೆಂದು ಸಾಕ್ಷಿದಾರರಿಗೆ ಮೊದಲೇ ಓದಿ ಹೇಳಬೇಕು. ಸಾಕ್ಷಿ ಯಾರೆಂಬುದನ್ನು ಹಲಗೆಯೇ ಗೊತ್ತುಮಾಡುತ್ತದೆ. ಆ ಹೆಸರಿನೊಡನೆ ಅತಿ ಹೆಚ್ಚು ಬರೆದವರು ಯಾರೋ ಅವರು.

ಯಾರೆಂದು ಇಂದುಮತಿ ಕೇಳಲಿಲ್ಲ. ಅವಳ ಎದೆ ಹಗುರಾಯಿತು. ಹೆತ್ತ ಮಗಳು, ತನ್ನನ್ನು ಗುರುತಿಸದೆ ಇರುತ್ತಾಳೆಯೇ ಎಂದುಕೊಂಡಳು.

ಪರೀಕ್ಷೆ ಮರುದಿನ ಸಂಜೆಗೆ ಗೊತ್ತಾಯಿತು. ಅಲ್ಲಿಯವರೆಗೆ ಮಗಳನ್ನು ನೋಡುವಂತಿಲ್ಲ, ಫೋನು ಮಾಡುವಂತಿಲ್ಲ. ಮನೆ ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ದೂರ, ಆದರೂ ಅವಳು ಗೆಳತಿಯೊಬ್ಬಳ ಮನೆಯಲ್ಲಿ ಉಳಿದುಕೊಂಡಳು. ಶಿವಯೋಗಿ ಅಲ್ಲಿಗೆ ಬಂದು ಸ್ವಲ್ಪ ಹೊತ್ತು ಕುಳಿತು ಹೋದ. ಮಗಳೇನಾದರೂ ಕೇಳಿದಳೇ ಎಂದು ಇಂದುಮತಿ ವಿಚಾರಿಸಿದಳು. ಏನೂ ಕೇಳಲಿಲ್ಲ, ಆರಾಮಾಗಿದ್ದಾಳೆ ಎಂದ. ನೀನು ಜ್ವರದಲ್ಲಿದ್ದಾಗ ನಾವು ಹೆದರಿದ್ದೆವು, ಅವಳಿಗೆ ಮಾತ್ರ ನೀನು ದಿನಾ ಬರೆಯುತ್ತಿದ್ದೆಯಲ್ಲ, ಅದಕ್ಕೇ ಅವಳು ನಿಶ್ಚಿಂತೆಯಿಂದ ಇದ್ದಳು ಎಂದೂ ಹೇಳಿದ.

ಕೇಂದ್ರದ ಒಂದು ಕೋಣೆಯಲ್ಲಿ ಅವಳನ್ನು ಕೂರಿಸಿದರು. ವರದಾ ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತಿದ್ದಳು, ಜೊತೆಗೆ ಕೇಂದ್ರದ ಗುಮಾಸ್ತನೊಬ್ಬ. ಪರದೆಯಲ್ಲಿ ಉತ್ತರ ಮೂಡಲು ಎರಡು ಉದ್ದ ಕಂಬಗಳು. ಎಡಗಡೆಯದು ಹಲಗೆಯ ಇಂದುಮತಿಯದು, ಬಲಗಡೆಯದು ಇವಳದು. ಎರಡರ ತಲೆಯ ಮೇಲೂ ಇಂದುಮತಿ ಹೂಗಾರ ಎಂದೇ ಬರೆದಿತ್ತು. ಸಮೀನಾ ಬಾಗಿಲ ಬಳಿ ಕೈಕಟ್ಟಿ ನಿಂತಳು.

ನಡುವೆ ವರದಾಳ ಅಕ್ಷರಗಳು ಮೂಡಿದವು.

‘ಇವತ್ತ ನಾ ಶಾಲ್ಯಾಗ ಯಾಕ ಅತ್ತೆ?’

ಇಂದುಮತಿಯ ಬೆರಳು ಗುಂಡಿಗಳ ಮೇಲೆ ನಿಂತುಬಿಟ್ಟವು. ಎಡಗಡೆ ಆಗಲೇ ಉತ್ತರ ಬರುತ್ತಿತ್ತು.

‘ಮೀನಾಕ್ಷಿ ನಿನ್ನ ಬಿಟ್ಟು ಬ್ಯಾರೆ ಬೆಂಚಿಗೆ ಹೋಗಿ ಕುಂತಳಲ್ಲ, ಅದಕ್ಕ. ನಾಳೆ ತಾನ ಬರ್ತಾಳ ನೋಡು.’

ಮೀನಾಕ್ಷಿ ಯಾರು? ಅವಳಿಗೆ ಗೊತ್ತಿರಲಿಲ್ಲ. ಊಹಿಸಿ ಏನಾದರೂ ಬರೆಯಲೇ ಎನಿಸಿತು. ಬಿದ್ದು ಮೊಣಕಾಲು ತರಚಿತೇ ಎಂದು ಬರೆದು ಅಳಿಸಿದಳು. ಏಳು ಜನರ ಮನಸ್ಸನ್ನು ಊಹಿಸಿ ಬರೆದವಳಿಗೆ ಇದೊಂದು ಮನಸ್ಸು ಕೈಗೆ ಸಿಗಲಿಲ್ಲ. ಕೊನೆಗೆ ಇದ್ದದ್ದನ್ನೇ ಬರೆದಳು.

‘ಗೊತ್ತಿಲ್ಲ ಕೂಸ. ಯಾಕ ಅತ್ತಿ? ನನಗ ಹೇಳು.’

ಆಮೇಲೆ ಇನ್ನೊಂದು ಪ್ರಶ್ನೆ ಬಂತು.

‘ನೀ ಇಲ್ಲಿಗೆ ಬಂದಮ್ಯಾಲೂ ದಿನಾ ನನ್ನ ಜೋಡಿ ಬರೀತಿ?’

ಎಡಗಡೆ ಉತ್ತರಿಸಿತು. ‘ಹೂಂ. ದಿನಾ ಬರೀತೀನಿ. ಒಂದಿನಾನೂ ಬಿಡಂಗಿಲ್ಲ.’

ಇಂದುಮತಿಗೆ ಸಂತೋಷವಾಯಿತು, ಈ ಪ್ರಶ್ನೆಗೆ ಉತ್ತರ ತನಗೆ ಮಾತ್ರ ಗೊತ್ತಲ್ಲ ಎಂದು. ಬೆರಳುಗಳು ತಾವೇ ಓಡಿದವು.

‘ನಾ ಬಂದಮ್ಯಾಲೆ ಬರ್ಯೂದ್ಯಾಕ ಕೂಸ? ಎದುರ ಕುಂತು ಮಾತಾಡೂಣು. ಈ ಹಲಗಿ ಮುಚ್ಚಿ ಇಟ್ಟುಬಿಡೂಣು.’

ಬಾಗಿಲ ಬಳಿ ಸಮೀನಾ ಕಣ್ಣು ಮುಚ್ಚಿಕೊಂಡಳು. ಯಾಕೆಂದು ಇಂದುಮತಿಗೆ ಆಗ ತಿಳಿಯಲಿಲ್ಲ.

ಪರದೆಯ ಮೇಲೆ ಎಡಗಡೆಯ ಕಂಬಕ್ಕೆ ಗುರುತು ಬಿತ್ತು.

ಅವಳು ಎದ್ದು ನಿಂತಳು. ಮಗು ತಪ್ಪಿ ಒತ್ತಿದೆ, ಇನ್ನೊಮ್ಮೆ ಕೇಳಿರಿ ಎಂದಳು. ಸಮೀನಾ ಬೇಡವೆಂದು ತಲೆಯಾಡಿಸಿದಳು. ಗುಮಾಸ್ತ ಎರಡು ಸಲ ಖಾತ್ರಿ ಮಾಡಿಕೊಂಡಿದ್ದ, ಮಗು ಎರಡು ಸಲವೂ ಎಡಗಡೆಯೇ ಎಂದಿತ್ತು. ಅಷ್ಟರಲ್ಲಿ ಬಲಗಡೆಯ ಕಂಬ ಕೆಳಗಿನಿಂದ ಮೇಲಕ್ಕೆ ಖಾಲಿಯಾಗತೊಡಗಿತು. ಅವಳು ಅದರಲ್ಲಿ ತನ್ನ ಹೆಸರು ಬರೆದಳು. ಬರೆದ ಅಕ್ಷರ ಬರೆದಂತೆಯೇ ಮಾಯವಾಯಿತು.

ಹೊರಗಿನ ಕೋಣೆಯಿಂದ ಯಾರೋ ಸಮೀನಾಳನ್ನು ಕರೆದರು, ಇಂದುಮತಿಯೂ ಅವಳ ಹಿಂದೆ ಹೋದಳು. ಬೆಣಚಮಟ್ಟಿಯ ಪುಟ ತೆರೆದಿತ್ತು. ಅಳಿಸಿದ ಕೈ ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಹಲಗೆ ಅದನ್ನು ಹುಡುಕಿ ಹುಡುಕಿ ಒರೆಸುತ್ತಿತ್ತು. ದ್ಯಾಮಣ್ಣ ತಳವಾರ ಎಂಬ ಹೆಸರು ಮಸುಕಾಗಿ ಹೋಯಿತು. ಗೌಸುಸಾಹೇಬರು ಹೋದರು, ಡ್ರಿಲ್ ಮಾಸ್ತರು ಹೋದರು, ಚನ್ನಬಸಯ್ಯನವರೂ ಹೋದರು. ಅವರು ಖಾಲಿ ಬಿಟ್ಟ ಒಂದೊಂದು ತರಗತಿಯಲ್ಲೂ ಒಂದೇ ಹೆಸರು ಮೂಡಿ, ಪಾಠ ಎಲ್ಲಿ ನಿಂತಿತ್ತೋ ಅಲ್ಲಿಂದ ಎತ್ತಿಕೊಂಡಿತು. ಇಂದುಮತಿ ಹೂಗಾರ. ಗೋಡೆಯ ಮೇಲಿನ ಆ ಶಾಲೆಯ ದೀಪ ಹಳದಿಯಿಂದ ಹಸಿರಿಗೆ ತಿರುಗಿತು, ಸಾಕ್ಷಿ ಆರಿಸಿದ ಕೈ ಮನುಷ್ಯರದೇ ಎಂಬ ಲೆಕ್ಕದಲ್ಲಿ.

ಮೇಲ್ಮನವಿ ಕೊಡಬಹುದು ಎಂದು ಸಮೀನಾ ಹೇಳಿದಳು. ಆದರೆ ಅದನ್ನು ಇಂದುಮತಿ ಹೂಗಾರ ಅವರೇ ಹಲಗೆಯ ಮೇಲೆ ತಮ್ಮ ಕೈಯಿಂದ ಬರೆದು ಕೊಡಬೇಕಿತ್ತು.

ಇಂದುಮತಿ ಆಟೋ ಹಿಡಿದು ಮನೆಗೆ ಹೋದಳು. ಗಂಗವ್ವ ಬಾಗಿಲಲ್ಲೇ ನಿಂತಿದ್ದರು. ಹುಡುಗಿ ಸ್ವಲ್ಪವೂ ಹೆದರಲಿಲ್ಲ, ದೊಡ್ಡವರ ಹಾಗೆ ಯೋಚನೆ ಮಾಡಿ ಆರಿಸಿದಳು, ಇನ್ನು ನೀನು ಇಲ್ಲಿಯೇ ಇರುತ್ತೀಯಲ್ಲ ಎಂದು ಸಂಭ್ರಮಪಟ್ಟರು. ಹುಡುಗಿ ಆರಿಸಿದ್ದು ತನ್ನನ್ನಲ್ಲ ಎಂದು ಅವರಿಗೆ ಹೇಳುವ ತ್ರಾಣ ಅವಳಲ್ಲಿರಲಿಲ್ಲ. ಒಳಗೆ ವರದಾ ಮಂಚದ ಮೇಲೆ ಗೋಡೆಗೆ ಒರಗಿ, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕುಳಿತಿದ್ದಳು. ತಾಯಿಯನ್ನು ಕಂಡು ನಕ್ಕಳು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಮೊದಲಿಗಿಂತ ಎಷ್ಟೋ ಎತ್ತರವಾಗಿದ್ದಳು. ಕೋರೆಹಲ್ಲೊಂದು ಹೊಸದಾಗಿ ಬಂದಿತ್ತು.

ಇಂದುಮತಿ ಅವಳ ಪಕ್ಕ ಕುಳಿತು ತಲೆ ನೇವರಿಸಿದಳು. ಸಿಟ್ಟು ಮಾಡಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

"ಬಲಗಡೆ ಇದ್ದಾಕಿ ನಾ ಅಂತ ನಿನಗ ತಿಳೀಲಿಲ್ಲೇನ ಕೂಸ?"

"ತಿಳೀತು," ಎಂದಳು ವರದಾ. "ಯಾಕ ಅತ್ತಿ ಅಂತ ಕೇಳಿದ್ಯಲ್ಲ, ಅವಾಗ ತಿಳೀತು."

"ಮತ್ತ?"

ವರದಾ ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಇಷ್ಟು ದೊಡ್ಡವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ.

"ನಿನ್ನ ಆರಿಸಿದ್ರ ಆಕೀನ್ನ ಅಳಸ್ತಿದ್ರು. ನಿನ್ನ ಹೆಂಗ ಅಳಸ್ತಾರ? ನೀ ಇಲ್ಲೇ ಅದೀಯಲ್ಲ."

ಇಂದುಮತಿ ಅವಳನ್ನು ಎದೆಗೆ ಎಳೆದುಕೊಳ್ಳಲು ಹೋದಳು. ಹೇಳಬೇಕಾದದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಮಡಿಲಿನ ಸ್ಲೇಟು ಮಿನುಗಿತು. ವರದಾ ಮೆಲ್ಲಗೆ ತಾಯಿಯ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಒಂದ್ ಸ್ವಲ್ಪ ಸುಮ್ಮನಿರು," ಎಂದಳು. "ಅವ್ವ ಏನೋ ಬರೀಲಿಕ್ಹತ್ಯಾಳ."